ಎರಡು ಚುಕ್ಕಿ

ಬೆಟಗೇರಿ. ರಾತ್ರಿ ಹತ್ತೂವರಿ.
ಕೆಳಗ ಮಗ್ಗದ ಮನಿ ಈಗಷ್ಟ ಸುಮ್ಮನಾಗೇತಿ,
ನೆಲದಾಗಿನ್ನೂ ಅದರ ಝುಮ್ಮು.
ಮಹಡಿ ಮ್ಯಾಲೆ ನಾನು, ಒಂದು ಕರೀ ಪರದೆ,
ಕಣ್ಣು ಹೊಡಕೋತ ನಿಂತ ಒಂದು ಬಿಳೀ ಗೆರಿ.

ಗೋಮಿ ದಡಿಯ ಹೊಸಾ ನಕ್ಷಿ
ಮುಂಜಾನೆ ಏಳಕ್ಕ ಗಜೇಂದ್ರಗಡದ ಮಗ್ಗಕ್ಕ ಬೇಕು.
ಹುಲಿಗೆವ್ವ ಹಾಸು ಹೂಡಿ ಕುಂತಾಳ.

ಎಸ್‌ಸಿಪಿ, ಜಾಗಾ ಬಿಟ್ಟು ಫೈಲಿನ ಹೆಸರು,
ಮತ್ತ ಜಾಗಾ ಬಿಟ್ಟು ಆ ಊರಿನ ಯಂತ್ರದ ಹೆಸರು.
ಮೊದಲು ಎಲ್ಲಿಂದ, ಆಮ್ಯಾಲೆ ಎಲ್ಲಿಗೆ,
ಬಸ್ಸಿನ ಬೋರ್ಡಿನಂಗ.
ತಿರುವುಮುರುವು ಬರದ್ರ
ಅಲ್ಲೀ ಹಳೇದು ಬಂದು ಇಲ್ಲೀ ಹೊಸಾದರ ಮ್ಯಾಲೆ ಕೂಡತೈತಿ,
ಕೇಳೂದಿಲ್ಲ, ಕೆಮ್ಮೂದಿಲ್ಲ.
ಮೂರು ಸಲ ಓದಿ ಒತ್ತಿದೆ.
ಪಾಸ್‌ವರ್ಡ್ ಕೇಳಲಿಲ್ಲ. ಎಷ್ಟು ಹೋತು ಅಂತ ಹೇಳಲಿಲ್ಲ.
ಸುಮ್ಮನ ಮುಂದಿನ ಗೆರಿಗೆ ಬಂದು ನಿಂತು.
ಇಷ್ಟು ಲಗೂನ? ಅಂತ ಒಂದು ಸಂಶೆ ಬಂತು.
ನಿದ್ದಿ ಅದಕಿಂತ ಮೊದಲ ಬಂದಿತ್ತು.

ತುಳಜಾಸಾ ಮಿಸ್ಕಿನ್, ಎಂಬತ್ತರ ಹತ್ತರ ಬಂದಾರ,
ನಲವತ್ತು ವರ್ಷ ರಟ್ಟಿಗೆ ತೂತು ಹೊಡದವರು.
ತೂತು ಇದ್ದಲ್ಲೆ ಎಳಿ ಏಳಬೇಕು,
ಇಲ್ಲದಲ್ಲೆ ಮಲಗಬೇಕು.
ಒಂದು ಸೆರಗಿಗೆ ಆರುನೂರು ರಟ್ಟು,
ಸುತಳೀಲೆ ಹೊಲದು, ಹೊರಿ ಕಟ್ಟಿ,
ಗಜೇಂದ್ರಗಡದ ಬಸ್ಸಿನ ಟಪ್ಪಿಗೆ ಏರಸತಿದ್ರು.
ಕಂಡಕ್ಟರಗ ಚಹಾಕ್ಕ ಎರಡು ರೂಪಾಯಿ.
ಹೋತಂದ್ರ ಹೋತು. ಇಲ್ಲಿ ಗ್ವಾಡಿಗೆ ಬರೇ ಮೊಳಿ.
ಒಮ್ಮೆ ನರೇಗಲ್ಲಿನ ಹತ್ತರ ಅಡ್ಡಮಳಿ ಹೊಡದು
ಅಷ್ಟೂ ರಟ್ಟು ತೊಯ್ದು ಹಪ್ಪಳಾದವು.
ನವಿಲಿನ ನಕ್ಷಿ ಅದು. ನಕಲು ಇದ್ದಿಲ್ಲ.
ಆ ನವಿಲು ಮತ್ತ ಯಾವ ಸೆರಗಿಗೂ ಬರಲಿಲ್ಲ.
ಇವತ್ತಿಗೂ ಬೆರಳಿಲೆ ಗಾಳ್ಯಾಗ ಅದರ ಕುತ್ತಿಗಿ ತಗೀತಾರ,
ಪುಕ್ಕಕ್ಕ ಬರೂದರಾಗ ಕೈ ನಿಲ್ಲತೈತಿ.

ಏಳಕ್ಕ ಫೋನು.
ಏನೂ ಬಂದಿಲ್ಲಲ್ಲೋ ಯಪ್ಪಾ,
ಪೆಟಗಿ ಬರೇ ನೀಲಿ ತೋರಸಾಕತ್ತೈತಿ.
ಕಳಿಸೇನಬೇ, ಕೈಯಾರೆ ಕಳಿಸೇನಿ.
ಹುಡುಕಿದೆ. ನನ್ನ ಫೋಲ್ಡರಿನಾಗ ಐತಿ!
ಆ ಊರಿನ ಯಂತ್ರದ ಹೆಸರು ಇಟಗೊಂಡು
ನನ್ನ ಮನ್ಯಾಗ ಕುಂತೈತಿ,
ರುಮಾಲು ಸುತಗೊಂಡೂ ಹೊಸ್ತಿಲಾ ದಾಟದ ಬೀಗನಂಗ.
ಹೆಸರಿನ ಕಡೀಕ ಎರಡು ಚುಕ್ಕಿ ಇಡೂದು ಮರತಿದ್ದೆ,
ಒಂದರ ಮ್ಯಾಲೊಂದು, ಎರಡು ಎಳ್ಳಿನಷ್ಟು.
ಅವು ಇದ್ರ ಅದು ಊರು.
ಇಲ್ಲಂದ್ರ ಬರೇ ಹೆಸರು.

ತುಳಜಾಸಾಗ ಹೇಳಿದೆ. ನಗತಾರೇನೋ ಅಂದ್ರ ನಗಲಿಲ್ಲ.
ತೂತು ಬಿಟ್ಟಿ, ಅಂದ್ರು.
ತೂತು ಬಿಟ್ರ ಎಳಿ ಏಳೂದಿಲ್ಲ. ಎಳೀದೇನು ತಪ್ಪು?
ಆಮ್ಯಾಲೆ ಚಾಳೀಸು ಏರಿಸಿ ಪರದೀಗೆ ಬಗ್ಗಿದ್ರು:
ಹಂಗಾರ ಇದು ಕಳಿಸಿದ ಮ್ಯಾಲೂ ಇಲ್ಲೇ ಇರತೈತಿ?
ಇರತೈತ್ರಿ.
ಅಲ್ಲೂ?
ಅಲ್ಲೂ.
ಭಾಳ ಹೊತ್ತು ಮಾತಾಡಲಿಲ್ಲ.
ಗ್ವಾಡಿ ಮೊಳಿ ನೋಡಕೋತ ಕುಂತ್ರು.

ಎರಡು ಚುಕ್ಕಿ ಇಟ್ಟೆ. ಈ ಸಲ ಪಾಸ್‌ವರ್ಡ್ ಕೇಳತು,
ಕದದ ಹಿಂದಿಂದ ಯಾರವಾ ಅಂದಂಗ.
ಹನ್ನೆರಡು. ಮೂವತ್ತೊಂದು. ಅರವತ್ತನಾಕು.
ಗಜೇಂದ್ರಗಡದ ಗುಡ್ಡ ಏರೂವಾಗ ತುಸು ತಡದು, ಏದಿ,
ನೂರು.

ಫೋನಿನ್ಯಾಗ ಮಗ್ಗ ಹೊಂಟ ಸಪ್ಪಳ.
ಹುಲಿಗೆವ್ವ ಏನೂ ಅನಲಿಲ್ಲ,
ಫೋನು ಮಗ್ಗದ ಕಡೆ ಹಿಡದು ಕೇಳಿಸಿದಳು ಅಷ್ಟ.

ಚಹಾ ಕುಡದು ಎದ್ದವರು ಬಾಗಲದಾಗ ತಿರುಗಿ
ಒಂದು ಚೌಕಳಿ ಹಾಳಿ ಕೊಡು ಅಂದ್ರು.
ಪುಕ್ಕ ನೆನಪಿಲ್ಲ. ಕುತ್ತಿಗಿ ಅಷ್ಟ ತಗೀತೀನಿ. ಅಷ್ಟ ಕಳಸು.
ಎಲ್ಲಿಗ್ರಿ? ಅಂದೆ.
ಎಲ್ಲಿಗಾರ.
ಎರಡು ಕಡೆ ಇದ್ರ ಸಾಕು.